ಏಳು ರಾತ್ರಿಗಳ ಇತಿಹಾಸ: ಕೊಂಗುನಾಡಿನ ದಾರಿಗಳೂ ಛತ್ರಗಳೂ

ಇತಿಹಾಸವೆಂದೊಡನೆ ನಮ್ಮ ಶಾಲೆಯ ಮಕ್ಕಳ ಕಣ್ಣಮುಂದೆ ಅರಸರೂ ಯುದ್ಧಗಳೂ ಬಂದು ನಿಲ್ಲುವುದು ಸಹಜ. ಕೊಯಮತ್ತೂರು ಸೀಮೆಯ ಚರಿತ್ರೆಯನ್ನು ಹೇಳುವಾಗಲೂ ನಾವು ಅದೇ ಕ್ರಮವನ್ನು ಅನುಸರಿಸುತ್ತೇವೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರಿನ ಸೇನೆ ಘಟ್ಟವಿಳಿದು ಬಂದಿತು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಅಂದರೆ 17ನೇ ಶತಮಾನದ ಕೊನೆಗೆ, ಕೊಂಗುನಾಡು ಮೈಸೂರಿಗೆ ಸೇರಿತು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದ ಬಳಿ ಕಾದಿದನು. 1799ರಲ್ಲಿ ಈ ಸೀಮೆ ಕಂಪೆನಿಯ ಕೈಸೇರಿತು. ಇಷ್ಟನ್ನು ಹೇಳಿದರೆ ಪಾಠ ಮುಗಿಯುತ್ತದೆ.

ಆದರೆ ಇಲ್ಲೊಂದು ಸಣ್ಣ ಲೆಕ್ಕವನ್ನು ಮಕ್ಕಳ ಮುಂದಿಡಬಹುದು. ಸತ್ಯಮಂಗಲ, ದಿಂಬಂ, ಚಾಮರಾಜನಗರಗಳ ಮೇಲೆ ಹಾಯುವ ದಾರಿಯಲ್ಲಿ ಕೊಯಮತ್ತೂರಿನಿಂದ ಮೈಸೂರಿಗೆ ಸುಮಾರು 200 ಕಿಲೋಮೀಟರು. ಹೇರು ಹೊತ್ತ ಜೋಡೆತ್ತಿನ ಗಾಡಿ ದಿನಕ್ಕೆ 25 ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಹಾಗಾದರೆ ಪಯಣಕ್ಕೆ ಎಂಟು ದಿನ ಬೇಕು. ಎಂಟು ಹಗಲುಗಳ ನಡುವೆ ಏಳು ರಾತ್ರಿಗಳು ಬರುತ್ತವೆ. ಮಗ್ಗವನ್ನು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು, ಹೆಂಡಿರು ಮಕ್ಕಳನ್ನು ಕೂಡಿಕೊಂಡು ಬರುತ್ತಿದ್ದ ನೇಕಾರನು ಆ ಏಳು ರಾತ್ರಿಗಳನ್ನು ಎಲ್ಲಿ ಕಳೆದನು? ಯಾರು ಅವನಿಗೆ ನೀರು ಕೊಟ್ಟರು? ಎತ್ತುಗಳನ್ನು ಎಲ್ಲಿ ಕಟ್ಟಿದನು? ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ದಾರಿಯ ಮೇಲೆ ನಡೆದ ಕಾಳಗಗಳನ್ನು ನಾವು ಓದಿದ್ದೇವೆ. ದಾರಿಯ ಬದಿಯಲ್ಲಿ ನಡೆದ ವಿಶ್ರಾಂತಿಯನ್ನು ಓದಿಲ್ಲ. ಈ ಸೀಮೆಯ ದೇವಾಂಗರು, ಒಕ್ಕಲಿಗರು, ಲಿಂಗಾಯತರು, ಅನುಪ್ಪರು, ಕುರುಬರು ಮೊದಲಾದ ಕನ್ನಡ ಮಾತಿನ ಜನರೆಲ್ಲರ ಹಿರಿಯರೂ ಒಂದಲ್ಲ ಒಂದು ಕಾಲದಲ್ಲಿ ದಾರಿಹೋಕರಾಗಿ ಬಂದವರೇ. ಆದುದರಿಂದ ದಾರಿಹೋಕರ ಮನೆಯಾದ ಛತ್ರದ ಚರಿತ್ರೆ ನಮ್ಮದೇ ಚರಿತ್ರೆಯ ಒಂದು ಭಾಗವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಶಬ್ದವನ್ನು ವಿಚಾರಿಸೋಣ. ಸಂಸ್ಕೃತದ ‘ಸತ್ರ’ ಎಂಬುದು ಮೂಲದಲ್ಲಿ ಬಹುದಿನ ನಡೆಯುವ ಯಾಗಕ್ಕೆ ಹೆಸರು. ಯಾಗದಲ್ಲಿ ಬಂದವರಿಗೆಲ್ಲ ಊಟವಿಡುವುದರಿಂದ ಆ ಹೆಸರು ಕ್ರಮೇಣ ಅನ್ನದಾನದ ಮನೆಗೂ ಸಂದಿತು. ಕನ್ನಡಿಗರ ನಾಲಗೆಯಲ್ಲಿ ಅದು ‘ಛತ್ರ’ವಾಯಿತು. ಛತ್ರವೆಂದರೆ ಕೊಡೆ, ಬಿಸಿಲು ಮಳೆಗಳಿಂದ ಕಾಯುವುದು. ಈ ಅರ್ಥವೂ ಹೊಂದಿಕೊಂಡುದರಿಂದ ಹೆಸರು ಗಟ್ಟಿಯಾಗಿ ನಿಂತಿತು. ತಮಿಳಿನಲ್ಲಿ ಇದನ್ನೇ ಸತ್ತಿರಂ, ಚತ್ತಿರಂ ಎನ್ನುವರು. ಬಾಯಾರಿದವರಿಗೆ ನೀರು ಮಜ್ಜಿಗೆ ಕೊಡುವ ಚಪ್ಪರಕ್ಕೆ ಕನ್ನಡದಲ್ಲಿ ಅರವಟ್ಟಿಗೆ ಎಂದು ಹೆಸರು; ತಮಿಳಿನಲ್ಲಿ ಅದು ತಣ್ಣೀರ್ ಪಂದಲ್. ಊರ ಜನ ಕೂಡುವ, ಪರಸ್ಥಳದವರು ಮಲಗುವ ಕಟ್ಟಡಕ್ಕೆ ಎರಡು ನುಡಿಗಳಲ್ಲಿಯೂ ಚಾವಡಿ ಎಂಬುದೇ ಹೆಸರು.

ಕನ್ನಡನಾಡಿನಲ್ಲಿ ಈ ಧರ್ಮ ಬಹಳ ಹಳೆಯದು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವು, ಆ ಮಠದಲ್ಲಿ ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥೆ ಹೇಳುವವರು ಹಾಡುವವರು ಮೊದಲಾದ ಅಲೆಮಾರಿ ಕಲಾವಿದರಿಗೂ ಊಟ ದೊರೆಯುತ್ತಿತ್ತೆಂದು ಹೇಳುತ್ತದೆ. ರೋಗಿಗಳಿಗೆ ಔಷಧದ ವ್ಯವಸ್ಥೆಯೂ ಇತ್ತು. ತಮಿಳುನಾಡಿನಲ್ಲಿ ಮಧುರೆಯ ರಾಣಿ ಮಂಗಮ್ಮಾಳ್ 17ನೇ ಶತಮಾನದ ಕೊನೆಯಲ್ಲಿ ದಾರಿಗಳನ್ನೂ ಛತ್ರಗಳನ್ನೂ ಕಟ್ಟಿಸಿ ಹೆಸರಾದಳು. ತಂಜಾವೂರಿನ ಸರ್ಫೋಜಿ ಅರಸನು 1802ರಲ್ಲಿ ಒರತ್ತನಾಡಿನಲ್ಲಿ ಮುಕ್ತಾಂಬಾ ಛತ್ರವನ್ನು ಸ್ಥಾಪಿಸಿದನು.

ಇನ್ನು ಕೊಂಗುನಾಡಿನ ದಾರಿಗಳ ವಿಚಾರ. ಪಶ್ಚಿಮಘಟ್ಟದ ಸಾಲಿನಲ್ಲಿ ಪಾಲಕ್ಕಾಡಿನ ಬಳಿ ದೊಡ್ಡದೊಂದು ಬಿರುಕಿದೆ. ಅದರ ಮೂಲಕ ಮಲೆಯಾಳದ ಕರಾವಳಿಯ ವ್ಯಾಪಾರವೆಲ್ಲ ಪೂರ್ವಕ್ಕೆ ಹರಿಯುತ್ತಿತ್ತು. ಕೊಯಮತ್ತೂರಿಗೆ ಹೊಂದಿದ ವೆಳ್ಳಲೂರಿನಲ್ಲಿ 1842ರಲ್ಲಿ ದೊರೆತ ರೋಮನ್ ನಾಣ್ಯಗಳ ನಿಧಿಯೇ ಇದಕ್ಕೆ ಸಾಕ್ಷಿ. ಊರಿನ ಪಶ್ಚಿಮಕ್ಕೆ ಸುಂಡಕ್ಕಾಮುತ್ತೂರಿನ ಬಳಿ ಬಂಡೆಯ ಮೇಲೆ ‘ರಾಜಕೇಸರಿ ಪೆರುವಳಿ’ ಎಂಬ ಹೆದ್ದಾರಿಯ ಹೆಸರುಳ್ಳ ಶಾಸನವಿದೆ. ಇದು ಒಂದನೆಯ ಆದಿತ್ಯ ಚೋಳನ ಕಾಲದ್ದು, ಎಂದರೆ 9ನೇ ಶತಮಾನದ ಕೊನೆಯದೆಂದು ವಿದ್ವಾಂಸರ ಮತ. ಸಾವಿರದ ನೂರು ವರ್ಷಗಳ ಹಿಂದೆ ಹೆಸರಿಟ್ಟು ಕಾಪಾಡಿದ ರಸ್ತೆ ಅದು. ಇಂತಹ ದಾರಿಗಳಲ್ಲಿ ನಡೆದ ವರ್ತಕ ಸಂಘಗಳಲ್ಲಿ ಹೆಸರಾದ ಐನೂರ್ವರ ಮೂಲಸ್ಥಾನ ಕನ್ನಡನಾಡಿನ ಅಯ್ಯಾವೊಳೆ, ಎಂದರೆ ಇಂದಿನ ಐಹೊಳೆ, ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.

ಪಶ್ಚಿಮದ ದಾರಿ ಇದಾದರೆ, ಉತ್ತರಕ್ಕೆ ಹೋಗುವುದು ಮೈಸೂರಿನ ದಾರಿ. ಹಿಂದೆ ಅದು ಗಜ್ಜಲಹಟ್ಟಿ ಕಣಿವೆಯಿಂದಿಳಿದು ದಣಾಯಕನ ಕೋಟೆಗೆ ಬರುತ್ತಿತ್ತು. ಈ ಕೋಟೆ ಹೊಯ್ಸಳರ ದಂಡನಾಯಕನ ಹೆಸರನ್ನು ಹೊತ್ತದ್ದು. ಮೋಯಾರ್ ಮತ್ತು ಭವಾನಿ ನದಿಗಳು ಕೂಡುವ ಎಡೆಯಲ್ಲಿದ್ದಿತು. ಘಟ್ಟವಿಳಿದವರ ಮೊದಲ ನಿಲುಗಡೆ, ಘಟ್ಟವೇರುವವರ ಕೊನೆಯ ನಿಲುಗಡೆ ಅದೇ. 1955ರಲ್ಲಿ ಭವಾನಿಸಾಗರ ಅಣೆಕಟ್ಟು ಮುಗಿದ ಮೇಲೆ ಕೋಟೆ ನೀರಿನಡಿ ಸೇರಿತು. ಬರಗಾಲದಲ್ಲಿ ಜಲಾಶಯದ ನೀರು ತೀರ ಇಳಿದಾಗ ಅಲ್ಲಿಯ ಮಾಧವಪೆರುಮಾಳ್ ದೇವಾಲಯದ ಕಲ್ಲುಗಳು ಮತ್ತೆ ಕಾಣಿಸಿಕೊಳ್ಳುವುದುಂಟು. 19ನೇ ಶತಮಾನದಲ್ಲಿ ದಿಂಬಂ ಘಟ್ಟದ ಗಾಡಿರಸ್ತೆ ಸಿದ್ಧವಾದಂತೆ ಹಳೆಯ ಕಣಿವೆಯ ದಾರಿ ಕ್ಷೀಣಿಸಿತು. ಇಂದು ದಿಂಬಂ ರಸ್ತೆಯಲ್ಲಿ 27 ಕಡಿದಾದ ತಿರುವುಗಳಿವೆ.

ಆ ಭಾಗದ ಊರುಗಳನ್ನು ನಾವು ಇಲ್ಲಿ ಹೆಸರಿಸುವುದು ಅಸಂಗತವಲ್ಲ. ಸತ್ಯಮಂಗಲವು 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಆ ವರ್ಷ ಈರೋಡು ಕೇಂದ್ರವಾಗಿ ಬೇರೆ ಜಿಲ್ಲೆಯಾಯಿತು. ಮಲೆ ಮಹದೇಶ್ವರನ ಬೆಟ್ಟವನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಜಿಲ್ಲೆಯ ಗಡಿಗಳು ಹೀಗೆ ಮೂರು ಬಾರಿ ಸರಿದವು. ಜನರು ನಡೆದ ದಾರಿ ಮಾತ್ರ ಒಂದೇ.

ಈಗ ಛತ್ರದೊಳಕ್ಕೆ ಹೋಗೋಣ. ದೊಡ್ಡ ಛತ್ರಗಳ ಕಟ್ಟಡಕ್ಕೆ ಒಂದು ಪದ್ಧತಿಯಿತ್ತು. ಬೀದಿಗೆ ಮುಖವಾಗಿ ಕಲ್ಲುಕಂಬಗಳ ಮೇಲೆ ನಿಂತ ಉದ್ದನೆಯ ಜಗಲಿ. ಬಾಗಿಲು ದಾಟಿದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ. ಸುತ್ತ ಮಲಗುವ ಮೊಗಸಾಲೆ. ಹಿಂದೆ ಅಡಿಗೆಯ ಮನೆ, ಒಲೆಗಳ ಸಾಲು, ಬಾವಿ. ಗೋಡೆಯಲ್ಲಿ ದೀಪದ ಗೂಡುಗಳು. ಹೊರಗೆ ಎತ್ತುಗಳಿಗೆ ನೀರಿನ ಕಲ್ಲುತೊಟ್ಟಿ ಮತ್ತು ನೆರಳಿಗೆ ಮರಗಳು. ಬಂದವನು ಕಾಲು ತೊಳೆದು ಒಳಗೆ ಬರುವನು. ತಂದ ಚಾಪೆಯನ್ನು ಹಾಸುವನು. ತಾನೇ ಬೇಯಿಸಿಕೊಳ್ಳುವನು, ಇಲ್ಲವೆ ದತ್ತಿಯಿದ್ದ ಕಡೆ ಉಣ್ಣುವನು. ಸಾಮಾನ್ಯವಾಗಿ ಮೂರು ದಿನ ಇರಲು ಅನುಮತಿ. ಬಾಡಿಗೆಯಿಲ್ಲ.

ಛತ್ರವಿಲ್ಲದ ಎಡೆಯಲ್ಲಿಯೂ ದಾರಿ ಬರಿದಾಗಿರಲಿಲ್ಲ. ಎರಡು ನಿಲುಗಲ್ಲುಗಳ ಮೇಲೆ ಆಳೆತ್ತರದಲ್ಲಿ ಒಂದು ಅಡ್ಡಗಲ್ಲನ್ನಿಟ್ಟ ಕಟ್ಟಡವನ್ನು ಹಳೆಯ ದಾರಿಗಳ ಬದಿಯಲ್ಲಿ ಹಲವರು ಕಂಡಿರಬಹುದು. ತಮಿಳಿನಲ್ಲಿ ಇದಕ್ಕೆ ಸುಮೈತಾಂಗಿ ಎಂದು ಹೆಸರು, ಎಂದರೆ ಹೊರೆಯನ್ನು ತಾಳುವುದು. ತಲೆಯ ಮೇಲೆ ಹೊರೆ ಹೊತ್ತವನು ಒಬ್ಬನೇ ಇದ್ದರೆ ಅದನ್ನು ಇಳಿಸಲೂ ಕಷ್ಟ, ಮತ್ತೆ ಏರಿಸಲಂತೂ ಅಸಾಧ್ಯ. ಈ ಕಲ್ಲಿನ ಮೇಲೆ ಜಾರಿಸಿಟ್ಟರೆ ಯಾರ ಸಹಾಯವೂ ಬೇಡ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ, ಆಕೆ ಇಳಿಸಲಾರದೆ ಹೋದ ಹೊರೆಯನ್ನು ಇತರರಾದರೂ ಇಳಿಸಲೆಂದು, ಮನೆಯವರು ಇಂತಹ ಕಲ್ಲನ್ನು ನಿಲ್ಲಿಸುವ ವಾಡಿಕೆಯಿತ್ತು. ದುಃಖವನ್ನು ಪರೋಪಕಾರವಾಗಿ ಮಾರ್ಪಡಿಸಿದ ಈ ಕಲ್ಲುಗಳಿಗೆ ಸಮನಾದ ಸ್ಮಾರಕಗಳು ಅಪರೂಪ.

ಕೆಲವು ನಿಲುಗಡೆಗಳು ಊರ ಹೆಸರುಗಳಲ್ಲಿ ಉಳಿದುಕೊಂಡಿವೆ. ಕೊಯಮತ್ತೂರಿನ ಪೀಳಮೇಡಿನ ಕಡೆ ತಣ್ಣೀರ್‌ಪಂದಲ್ ಎಂಬ ಬಸ್ಸಿನ ನಿಲ್ದಾಣವಿದೆ. ಪಾಲಕ್ಕಾಡಿನ ರಸ್ತೆಯಲ್ಲಿ ವಾಳಯಾರಿಗಿಂತ ಮೊದಲು ಕೆ. ಜಿ. ಚಾವಡಿ ಎಂಬ ಊರಿದೆ. ಪಳನಿಯ ಆಚೆ, ದಿಂಡಿಗಲ್ ಜಿಲ್ಲೆಯಲ್ಲಿ, ಒಡ್ಡನ್‌ಛತ್ರಂ ಎಂಬ ಪೇಟೆಯೇ ಇದೆ. ದಿನವೂ ಈ ಹೆಸರುಗಳನ್ನು ಹೇಳುವವರು ಅವುಗಳ ಅರ್ಥವನ್ನು ಕೇಳಿಕೊಂಡರೆ ದಾರಿಯ ಹಳೆಯ ನಕ್ಷೆ ತಾನಾಗಿ ತೆರೆದುಕೊಳ್ಳುತ್ತದೆ.

ನಮ್ಮ ಛತ್ರದ ಸ್ವಭಾವವನ್ನು ಚೆನ್ನಾಗಿ ತಿಳಿಯಲು ದೂರದ ಜಪಾನಿನ ತಂಗುಮನೆಯೊಡನೆ ಹೋಲಿಸಿ ನೋಡಬಹುದು. ಅಲ್ಲಿ ಇದಕ್ಕೆ ರ್ಯೋಕಾನ್ ಎನ್ನುವರು. ಅತಿಥಿ ಬಾಗಿಲಲ್ಲಿ ಪಾದರಕ್ಷೆಯನ್ನು ಬಿಡುತ್ತಾನೆ. ಕೋಣೆಯ ನೆಲಕ್ಕೆ ಜೊಂಡು ಹೆಣೆದ ಟಾಟಾಮಿ ಎಂಬ ಗಟ್ಟಿಚಾಪೆಗಳು. ಸರಿದಾಡುವ ಕಾಗದದ ಬಾಗಿಲುಗಳು. ಒಂದು ಮೂಲೆಯ ಗೂಡಿನಲ್ಲಿ ಒಂದು ಚಿತ್ರಪಟ, ಒಂದಿಷ್ಟು ಹೂ. ಮನೆಯವರು ಕೊಟ್ಟ ಹತ್ತಿಯ ನಿಲುವಂಗಿಯನ್ನುಟ್ಟು, ಮೊದಲು ಮೈ ತೊಳೆದುಕೊಂಡು, ಆ ಬಳಿಕವೇ ಬಿಸಿನೀರಿನ ಕೊಳಕ್ಕೆ ಇಳಿಯಬೇಕು. ಊಟ ಕೋಣೆಗೇ ಬರುವುದುಂಟು. ರಾತ್ರಿ ಬೀರುವಿನಿಂದ ಹಾಸಿಗೆ ತೆಗೆದು ನೆಲದ ಮೇಲೆ ಹಾಸುವರು. ಕುಳಿತ ಕೋಣೆಯೇ ಉಣ್ಣುವ ಕೋಣೆ, ಅದೇ ಮಲಗುವ ಕೋಣೆ. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಚಾಪೆಯ ಮೇಲೆ ಮಲಗಿ ಬೆಳೆದ ನಮಗೆ ಇದರಲ್ಲಿ ಅರ್ಧದಷ್ಟಾದರೂ ಪರಿಚಿತವಾದುದೇ.

ಅಲ್ಲಿಯೂ ಇದಕ್ಕೆ ದಾರಿಯೇ ಮೂಲ. 1601ರಲ್ಲಿ ತೊಕುಗಾವಾ ಅಧಿಪತಿಯು ಎದೋ ಮತ್ತು ಕ್ಯೋಟೋ ನಗರಗಳ ನಡುವಿನ ತೊಕಾಯ್ದೋ ಹೆದ್ದಾರಿಯಲ್ಲಿ ನಿಲುಗಡೆಗಳನ್ನು ಏರ್ಪಡಿಸಿದನು. ಕೊನೆಗೆ ಅವು 53 ಆದವು. 1635ರಿಂದ ಸಾಮಂತರೆಲ್ಲರೂ ಸರದಿಯಂತೆ ರಾಜಧಾನಿಗೆ ಬಂದು ವಾಸಮಾಡಬೇಕೆಂದು ಕಟ್ಟಳೆಯಾಯಿತು. ಪರಿವಾರ ಸಮೇತರಾಗಿ ಅವರು ಹೋಗಿ ಬರುತ್ತಿದ್ದುದರಿಂದ ತಂಗುಮನೆಗಳು ಬೆಳೆದವು. ಸಾಮಂತರಿಗೆ ಹೋಂಜಿನ್ ಎಂಬ ದೊಡ್ಡ ಮನೆ, ಸಾಮಾನ್ಯರಿಗೆ ಊಟಸಹಿತವಾದ ಹತಾಗೊ, ಬಡವರಿಗೆ ಕಿಚಿನ್‌ಯಾದೊ. ಈ ಕೊನೆಯದರಲ್ಲಿ ಸೌದೆಯ ಬೆಲೆಯನ್ನಷ್ಟೇ ಕೊಟ್ಟು ಅತಿಥಿ ತಾನೇ ಬೇಯಿಸಿಕೊಳ್ಳುತ್ತಿದ್ದನು. ಅಂತೂ ಅಲ್ಲಿ ತಂಗುಮನೆ ಒಂದು ಕುಟುಂಬದ ಕಸುಬು; ತಂದೆಯಿಂದ ಮಗನಿಗೆ ಬರುವ ವೃತ್ತಿ. ಯಮನಾಶಿ ಪ್ರಾಂತದ ಕೇಯುನ್‌ಕಾನ್ ಎಂಬುದು 705ರಲ್ಲಿ ಆರಂಭವಾಯಿತೆಂದು ಪ್ರತೀತಿ. ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು 2011ರಲ್ಲಿ ಗಿನ್ನೆಸ್ ದಾಖಲೆಗೆ ಅದು ಸೇರಿತು.

ಅಲ್ಲಿ ಉಳಿದದ್ದು ಇಲ್ಲಿ ಏಕೆ ಉಳಿಯಲಿಲ್ಲ? ನಮ್ಮಲ್ಲಿ ತಂಗುಮನೆ ಕಸುಬಾಗಿರಲಿಲ್ಲ, ಧರ್ಮವಾಗಿದ್ದಿತು ಎಂಬುದೇ ನಮಗೆ ತೋರುವ ಉತ್ತರ. ಕಸುಬು ಗಿರಾಕಿಯಿಂದ ಬದುಕುತ್ತದೆ. ಧರ್ಮ ದತ್ತಿಯಿಂದ ಬದುಕುತ್ತದೆ. ಅರಸನೋ ವರ್ತಕನೋ ಬಿಟ್ಟ ಮಾನ್ಯದ ಭೂಮಿ ಕೈತಪ್ಪಿದರೆ ಒಲೆ ಆರಿತು. ಕಂಪೆನಿಯ ಸರಕಾರವು 1817ರ 7ನೇ ರೆಗ್ಯುಲೇಷನ್ನಿನಿಂದ ದೇವಾಲಯಗಳ ಜೊತೆಗೆ ಛತ್ರಗಳ ದತ್ತಿಗಳನ್ನೂ ಮದರಾಸಿನ ರೆವಿನ್ಯೂ ಬೋರ್ಡಿನ ಮೇಲ್ವಿಚಾರಣೆಗೆ ತಂದಿತು. 1884ರ ಕಾಯಿದೆಯ ಮೇಲೆ ಜಿಲ್ಲೆ ತಾಲ್ಲೂಕುಗಳ ಬೋರ್ಡುಗಳು ರಸ್ತೆ ಆಸ್ಪತ್ರೆಗಳಂತೆ ಛತ್ರಗಳನ್ನೂ ನೋಡಿಕೊಳ್ಳಬೇಕಾಯಿತು. ದಾನಿಯ ಮನೆಯ ಕೆಲಸ ಕಚೇರಿಯ ಕಡತವಾಯಿತು.

ಅಷ್ಟರಲ್ಲಿ ರೈಲು ಬಂದಿತು. 1862ರ ಹೊತ್ತಿಗೆ ಮದರಾಸಿನಿಂದ ಈರೋಡು, ತಿರುಪ್ಪೂರು, ಪೋದನೂರುಗಳ ಮೂಲಕ ಪಶ್ಚಿಮ ಕರಾವಳಿಯವರೆಗೆ ಹಳಿಗಳು ಮುಟ್ಟಿದವು. 1873ರಲ್ಲಿ ಕೊಯಮತ್ತೂರಿನ ಮೇಲೆ ಮೇಟ್ಟುಪಾಳಯದ ಶಾಖೆ ತೆರೆಯಿತು. ಹಲವು ದಿನಗಳ ಗಾಡಿಯ ಪಯಣ ಒಂದು ಹಗಲಿಗೆ ಇಳಿಯಿತು. ನಡುದಾರಿಯ ಛತ್ರಗಳಿಗೆ ಕೆಲಸವಿಲ್ಲದಾಯಿತು. ನಿಲ್ದಾಣದೆದುರಿನ ಛತ್ರಗಳಿಗೆ ಕೆಲಸ ಹೆಚ್ಚಿತು. ಇದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ. ವರ್ತಕರಾಗಿದ್ದ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಭೂಮಿಯನ್ನು ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದು ಆರಂಭವಾಯಿತು. ಯಾತ್ರಿಕರ ತಂಗುಮನೆಯೊಡನೆ ವಿದ್ಯಾರ್ಥಿಗಳ ವಸತಿಯೂ ಆ ದತ್ತಿಯಿಂದ ನಡೆದದ್ದು ಶಿಕ್ಷಕರಾದ ನಾವು ವಿಶೇಷವಾಗಿ ನೆನೆಯಬೇಕಾದ ಸಂಗತಿ. ಮುಂದೆ ದಕ್ಷಿಣ ಕನ್ನಡದ ಕಡಂದಲೆ ಕೃಷ್ಣರಾಯರಂತಹವರು 1930ರ ದಶಕದಲ್ಲಿ ಮದರಾಸಿನಲ್ಲಿ ಊಟ ವಸತಿಗಳನ್ನು ಗೌರವದ ಉದ್ಯಮವಾಗಿ ಬೆಳೆಸಿದರು. ಛತ್ರದ ಸ್ಥಾನಕ್ಕೆ ಲಾಡ್ಜು ಬಂದಿತು. ಇಂದು ಕರ್ನಾಟಕದ ಪಟ್ಟಣಗಳಲ್ಲಿ ‘ಛತ್ರ’ವೆಂದರೆ ಮದುವೆಯ ಮನೆಯೆಂದೇ ಅರ್ಥ.

ಇಷ್ಟನ್ನು ಹೇಳಿ ಛತ್ರವನ್ನು ಕೊಂಡಾಡಿ ಮುಗಿಸಿದರೆ ನಮ್ಮ ಇತಿಹಾಸ ಅರ್ಧಸತ್ಯವಾದೀತು. ಛತ್ರದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಒಂದು ಜಾತಿಗೆ ಒಳಗಿನ ಪಂಕ್ತಿ, ಇನ್ನೊಂದಕ್ಕೆ ಜಗಲಿ, ಮತ್ತೊಂದಕ್ಕೆ ಮರದ ಕೆಳಗು ಎಂಬ ಭೇದ ನಡೆಯುತ್ತಿತ್ತು. ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಬಾವಿಯ ಹಗ್ಗವನ್ನು ಮುಟ್ಟಲೂ ಅಧಿಕಾರವಿರಲಿಲ್ಲ. ಛತ್ರದ ಕಲ್ಲುಗಳನ್ನು ಹೊತ್ತು ತಂದವರಲ್ಲಿ ಎಷ್ಟೋ ಮಂದಿ ಅದರೊಳಗೆ ಒಂದು ರಾತ್ರಿಯೂ ಮಲಗಿರಲಾರರು. ಬಳ್ಳಿಗಾವಿಯ ಶಾಸನದ ಉದಾರವಾದ ಪಟ್ಟಿಯನ್ನು ಓದಿ ಹೆಮ್ಮೆಪಡುವ ನಾವು ಈ ಮಾತನ್ನೂ ಮಕ್ಕಳಿಗೆ ಮುಚ್ಚಿಡಬಾರದು.

ಆ ಬಾಗಿಲನ್ನು ತೆರೆದದ್ದು ಕಾನೂನು. ಕಾನೂನಿನ ಹಿಂದೆ ಅದಕ್ಕಾಗಿ ಹೋರಾಡಿದ ಜನ. ಮದರಾಸಿನ ಶಾಸನಸಭೆ 1938ರಲ್ಲಿ ಎಂ. ಸಿ. ರಾಜಾ ಅವರ ಪ್ರಯತ್ನದಿಂದ ನಾಗರಿಕ ಅನರ್ಹತೆಗಳನ್ನು ತೆಗೆದುಹಾಕುವ ಕಾಯಿದೆಯನ್ನು ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು; ಹೋಟೆಲು, ಬಾವಿ, ಕೆರೆ, ರಸ್ತೆಗಳ ಬಳಕೆಯಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 15ನೇ ವಿಧಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳನ್ನು ಹೆಸರೆತ್ತಿಯೇ ಹೇಳಿ, ಅಲ್ಲಿಯ ಪಾತ್ರೆಗಳನ್ನು ಬಳಸಲು ಅಡ್ಡಿಮಾಡುವುದೂ ಶಿಕ್ಷಾರ್ಹವೆಂದು ವಿಧಿಸಿತು. ಒಂದು ದೇಶದ ಕಾನೂನು ಛತ್ರದ ತಂಬಿಗೆಯವರೆಗೆ ಇಳಿದು ಬರಬೇಕಾಯಿತೆಂದರೆ, ಆ ತಂಬಿಗೆಯನ್ನು ಎಷ್ಟು ಜನಕ್ಕೆ ನಿರಾಕರಿಸಿದ್ದರೆಂಬುದನ್ನು ಊಹಿಸಿಕೊಳ್ಳಬಹುದು.

ದಾರಿಹೋಕನ ಅಗತ್ಯ ಇಂದಿಗೂ ಮುಗಿದಿಲ್ಲ. ವನ್ಯಮೃಗಗಳ ರಕ್ಷಣೆಗಾಗಿ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿಯಲ್ಲಿ ದಿಂಬಂ ರಸ್ತೆಯ ರಾತ್ರಿಸಂಚಾರಕ್ಕೆ ನಿರ್ಬಂಧ ಬಂದಿತು. ಹಿಂದಿನ ಗಾಡಿಯವನಂತೆ ಇಂದಿನ ಲಾರಿಯವನೂ ಬಣ್ಣಾರಿಯ ತಪ್ಪಲಿನಲ್ಲಿ ಬೆಳಗಾಗುವುದನ್ನು ಕಾಯಬೇಕಾಯಿತು. ತೈಪೂಸದ ಕಾಲದಲ್ಲಿ ಪಳನಿಗೆ ನಡೆದು ಹೋಗುವವರಿಗೆ ಉಡುಮಲೈ, ಧಾರಾಪುರಗಳ ರಸ್ತೆಗಳಲ್ಲಿ ಊರವರು ಚಪ್ಪರ ಹಾಕಿ ಮಜ್ಜಿಗೆಯನ್ನೂ ಊಟವನ್ನೂ ಕೊಡುತ್ತಾರೆ. ಯಾರು, ಎಲ್ಲಿಯವರು ಎಂದು ಅಲ್ಲಿ ಕೇಳುವುದಿಲ್ಲ. ಹಳೆಯ ಅರವಟ್ಟಿಗೆ ತನ್ನ ಒಳ್ಳೆಯ ಗುಣವನ್ನು ಉಳಿಸಿಕೊಂಡು ಬಾಳುತ್ತಿರುವುದಕ್ಕೆ ಇದು ನಿದರ್ಶನ.

ತಿರುಪ್ಪೂರಿನ ರೈಲು ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿರಿ. ಒಡಿಶಾ, ಬಿಹಾರ, ಝಾರ್ಖಂಡಗಳಿಂದ ಬನಿಯನ್ ಕಾರ್ಖಾನೆಗಳಿಗೆ ದುಡಿಯಲು ಬಂದ ತರುಣರು ಗಂಟು ಹೊತ್ತು ಇಳಿಯುತ್ತಾರೆ. ಭಾಷೆ ಬಾರದ ಊರು, ಇಕ್ಕಟ್ಟಾದ ಬಾಡಿಗೆಯ ಕೋಣೆ, ಸರದಿಯ ನಿದ್ರೆ. ಮಗ್ಗವನ್ನು ಹೇರಿಕೊಂಡು ಘಟ್ಟವಿಳಿದ ನಮ್ಮ ಹಿರಿಯರಿಗೂ ಇವರಿಗೂ ಬಹಳ ಅಂತರವಿಲ್ಲ. ಅಂದು ನಮ್ಮವರನ್ನು ತಮಿಳು ಮಾತಿನ ಈ ನೆಲ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟುದರಿಂದ ನಾವು ಇಲ್ಲಿ ನೆಲೆನಿಂತೆವು. ಹೊಸದಾಗಿ ಬಂದವರನ್ನು ನೋಡುವ ನಮ್ಮ ನೋಟದಲ್ಲಿ ಆ ನೆನಪು ಇರಬೇಡವೇ?

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಸೂಚನೆಯಿದೆ. ಮಕ್ಕಳಿಂದ ತಮ್ಮ ಊರಿನ ಹಳೆಯ ದಾರಿಗಳ ನಕ್ಷೆಯನ್ನು ಬರೆಯಿಸಿರಿ. ಛತ್ರ, ಚಾವಡಿ, ತಣ್ಣೀರ್‌ಪಂದಲ್ ಎಂಬ ಹೆಸರುಳ್ಳ ಎಡೆಗಳನ್ನು ಅದರಲ್ಲಿ ಗುರುತಿಸಲಿ. ಸುಮೈತಾಂಗಿ ಕಲ್ಲುಗಳು ಎಲ್ಲಿ ನಿಂತಿವೆಯೆಂದು ಎಣಿಸಲಿ. ಅವುಗಳ ಮೇಲೆ ಅಕ್ಷರಗಳಿದ್ದರೆ ನಕಲು ಮಾಡಲಿ. ರಸ್ತೆ ಅಗಲಮಾಡುವಾಗ ಮೊದಲು ಉರುಳುವುವು ಈ ಕಲ್ಲುಗಳೇ. ಮನೆಯ ಮುದುಕರನ್ನು ಕೇಳಿ, ‘ನಮ್ಮವರು ಯಾವ ದಾರಿಯಿಂದ ಬಂದರು, ಎಲ್ಲಿ ಇಳಿದುಕೊಂಡರು, ಅಲ್ಲಿ ಯಾರನ್ನು ಒಳಗೆ ಬಿಡುತ್ತಿರಲಿಲ್ಲ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲಿ ಬರೆದು ತರಲಿ. ಮೂರನೆಯ ಪ್ರಶ್ನೆಯನ್ನು ಬಿಡಕೂಡದು. ಹೀಗೆ ಸಂಗ್ರಹವಾದುದನ್ನು ನಮ್ಮ ಪತ್ರಿಕೆಗೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಊರೂರಿನ ದಾರಿಗಳ ಚರಿತ್ರೆಯನ್ನು ಒಂದೊಂದಾಗಿ ಅಚ್ಚುಹಾಕಬಹುದು.